ಮನೆಯ ಕ್ರಯ: ದಲ್ಲಾಳಿ ಯಾರ ಪರ, ವಕೀಲರು ಯಾರ ಪರ?

ವ್ಯಾಪಾರಸ್ಥರು ಲೆಕ್ಕಾಚಾರದಲ್ಲಿ ಕಟ್ಟುನಿಟ್ಟಿನವರೆಂಬುದು ಲೋಕರೂಢಿ. ಐವತ್ತು ಸಾವಿರ ರೂಪಾಯಿಗಳ ಸರಕು ತರಿಸುವಾಗಲೂ ಕೊಟೇಶನ್ ಪಡೆದು, ಆರ್ಡರ್ ಬರೆದು, ಮಾಲು ಬಂದ ಮೇಲೆ ತೂಕ ನೋಡಿ ಬಿಲ್ಲು ಪಾಸು ಮಾಡುವವರು ಅವರು. ಆದರೆ ಜೀವಮಾನದ ಅತಿ ದೊಡ್ಡ ಖರೀದಿಯಾದ ಮನೆಯ ವಿಷಯದಲ್ಲಿ ಮಾತ್ರ ಅದೇ ಜನ ಬಾಯಿಮಾತನ್ನು ನಂಬಿ ನಡೆಯುತ್ತಾರೆ. ದಲ್ಲಾಳಿಯೊಡನೆ ಒಂದು ಸಾಲಿನ ಬರವಣಿಗೆಯೂ ಇರುವುದಿಲ್ಲ. ವಕೀಲರನ್ನು ಆರಿಸುವವರೂ ಬಹುತೇಕ ದಲ್ಲಾಳಿಯೇ. ಕೆಲಸ ಕೆಟ್ಟ ಮೇಲೆ ಇಬ್ಬರ ಮೇಲೂ ದೂರು ಹೇಳುವುದು ಸಾಮಾನ್ಯ. ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ದೂರಿನ ಮೂಲ ಇರುವುದು ವ್ಯಕ್ತಿಗಳ ಗುಣದೋಷಕ್ಕಿಂತ ಹೆಚ್ಚಾಗಿ, ಅವರಿಗೆ ಹಣ ಯಾವಾಗ, ಯಾವ ಕೆಲಸಕ್ಕಾಗಿ ಸಂದಾಯವಾಗುತ್ತದೆ ಎಂಬುದರಲ್ಲಿ.

ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಹತ್ತು ಚೀಲ ಒಣಮೆಣಸಿನಕಾಯಿ ಮಾರಿಸಿಕೊಡುವ ದಲಾಲರಿಗೂ ಪರವಾನಗಿ ಬೇಕು. ಮಾರಾಟದ ಪಟ್ಟಿ ಬರೆದುಕೊಡಬೇಕು. ಎಂಬತ್ತು ಲಕ್ಷ ರೂಪಾಯಿಗಳ ಹಳೆಯ ಮನೆಯನ್ನು ಮಾರಿಸಿಕೊಡುವ ದಲ್ಲಾಳಿಗೆ ಇವು ಯಾವುವೂ ಬೇಕಿಲ್ಲ. ‘ರೇರಾ ಬಂದಿದೆಯಲ್ಲ’ ಎಂದು ಹಲವರು ಕೇಳುತ್ತಾರೆ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯ 9ನೇ ಕಲಮಿನ ಪ್ರಕಾರ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕಾದುದು ನಿಜ. ತಪ್ಪಿದರೆ ದಿನಕ್ಕೆ ₹10,000ದಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡವೂ ಉಂಟು. ಆದರೆ ಆ ಕಲಮು ಅನ್ವಯಿಸುವುದು ಅದೇ ಕಾಯಿದೆಯಡಿ ನೋಂದಾಯಿತವಾದ ಯೋಜನೆಗಳ ನಿವೇಶನ, ಫ್ಲಾಟುಗಳಿಗೆ ಮಾತ್ರ. ಒಬ್ಬ ಗೃಹಸ್ಥರು ತಮ್ಮ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರುವ ವ್ಯವಹಾರ ಇದರ ಹೊರಗೇ ಉಳಿಯುತ್ತದೆ. ಬಿಲ್ಡರನಿಂದ ಕೊಂಡವರಿಗೆ ಹಕ್ಕಿನಲ್ಲಿ ದೋಷ ಕಂಡುಬಂದರೆ ಪರಿಹಾರ ಕೇಳುವ ಅವಕಾಶವನ್ನು ಅದೇ ಕಾಯಿದೆಯ 18ನೇ ಕಲಮು ನೀಡುತ್ತದೆ. ಕಾಲಮಿತಿಯ ಅಡ್ಡಿಯೂ ಅದಕ್ಕಿಲ್ಲ. ಹಳೆಯ ಮನೆ ಕೊಂಡವರಿಗೆ ಅಂಥ ಆಸರೆ ಇಲ್ಲ. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಪಟ್ಟಣಗಳಲ್ಲಿ ವರ್ತಕರು ಪೇಟೆಗೆ ಹತ್ತಿರವಿರಲೆಂದು ಅಪೇಕ್ಷಿಸುವುದು ಇಂಥ ಹಳೆಯ ಮನೆಗಳನ್ನೇ.

ಎಂಬತ್ತು ಲಕ್ಷದ ಲೆಕ್ಕ

ಒಬ್ಬ ಸಣ್ಣ ಉದ್ಯಮಿ ನಗರದಲ್ಲಿ ₹80 ಲಕ್ಷಕ್ಕೆ ಮನೆ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ಶೇ. 5ರಂತೆ ಮುದ್ರಾಂಕ ಶುಲ್ಕ ₹4,00,000. ಆ ಶುಲ್ಕದ ಮೇಲೆ ಶೇ. 10 ಉಪಕರ ₹40,000, ಶೇ. 2 ಅಧಿಭಾರ ₹8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿರುವುದರಿಂದ ₹1,60,000. ಹೀಗೆ ಸರ್ಕಾರಕ್ಕೆ ಒಟ್ಟು ₹6,08,000. ದಲ್ಲಾಳಿಗೆ ಶೇ. 1 ಎಂದರೂ ₹80,000. ಮಾರುವವರಿಂದ ಇನ್ನೊಂದು ₹80,000. ಹಕ್ಕುದಾಖಲೆ ಪರಿಶೀಲಿಸುವ ವಕೀಲರಿಗೆ ಕೊಡುವುದು ಕೆಲವೇ ಸಾವಿರ. ಚೌಕಾಸಿ ನಡೆಯುವುದೂ ಆ ಕೆಲವು ಸಾವಿರದ ಮೇಲೆಯೇ! ಮನೆ ತಮ್ಮದಾಗಿ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಖರ್ಚು ಇಡೀ ಪಟ್ಟಿಯಲ್ಲಿ ಅತ್ಯಂತ ಚಿಕ್ಕದು.

ಈಗ ಯಾರಿಗೆ ಹಣ ಯಾವಾಗ ಬರುತ್ತದೆಂಬುದನ್ನು ನೋಡಬೇಕು. ನೋಂದಣಿ ಆದರೆ ದಲ್ಲಾಳಿಗೆ ಎರಡೂ ಕಡೆಯ ಹಣ; ಆಗದಿದ್ದರೆ ಸೊನ್ನೆ. ಪತ್ರ ಬರಹಗಾರರಿಗೂ ಪತ್ರವಾದರೆ ಮಾತ್ರ ಸಂಪಾದನೆ. ದಲ್ಲಾಳಿಯ ಮೂಲಕ ಬಂದ ವಕೀಲರು ‘ಈ ಮನೆ ಬೇಡ’ ಎಂದು ಬರೆದರೆ ಮುಂದಿನ ಕಕ್ಷಿದಾರರನ್ನು ದಲ್ಲಾಳಿ ಬೇರೆ ಬಾಗಿಲಿಗೆ ಕರೆದೊಯ್ಯುತ್ತಾನೆ. ಸಾಲ ಮಂಜೂರು ಮಾಡುವ ಅಧಿಕಾರಿಗೂ ಸಾಲದ ಗುರಿ ಮುಟ್ಟುವ ಆತುರ. ಒಟ್ಟಿನಲ್ಲಿ, ಕೊಳ್ಳುವವರ ಸುತ್ತ ನಿಂತ ಇಷ್ಟೂ ಜನರಲ್ಲಿ ‘ಕೊಳ್ಳಬೇಡಿ’ ಎಂಬ ಸಲಹೆಗೆ ಸಂಭಾವನೆ ಪಡೆಯುವವರು ಒಬ್ಬರೂ ಇಲ್ಲ. ಇಷ್ಟನ್ನು ಅರಿತರೆ ಉಳಿದ ಕಿರುಕುಳಗಳ ಕಾರಣ ತಾನಾಗಿ ತಿಳಿಯುತ್ತದೆ.

ಬೆಲೆ ಹೆಚ್ಚಾದಷ್ಟೂ ಕಮಿಷನ್ ಹೆಚ್ಚು. ಆದ್ದರಿಂದ ದಲ್ಲಾಳಿ ತಮಗೆ ಒಳ್ಳೆಯ ಬೆಲೆಯನ್ನೇ ಕೊಡಿಸುತ್ತಾನೆಂದು ಮಾರುವವರು ಭಾವಿಸುತ್ತಾರೆ. ಇದು ಅರ್ಧ ಲೆಕ್ಕ. ಎರಡು ತಿಂಗಳು ಕಾದು ₹2 ಲಕ್ಷ ಹೆಚ್ಚು ಬೆಲೆ ತಂದರೆ ಮಾರುವವರಿಂದ ಅವನಿಗೆ ಹೆಚ್ಚುವರಿಯಾಗಿ ಬರುವುದು ₹2,000. ಆ ಎರಡು ತಿಂಗಳಲ್ಲಿ ಇನ್ನೊಂದು ವ್ಯವಹಾರ ಮುಗಿಸಿದರೆ ಬರುವುದು ಇದರ ಹಲವು ಪಟ್ಟು. ಹೀಗಾಗಿ ಅವನಿಗೆ ಬೇಕಾದುದು ಬೆಲೆಯಲ್ಲ, ವೇಗ. ಮಾರುವವರಿಗೆ ‘ಇಳಿಸಿ, ಇಂಥ ಪಾರ್ಟಿ ಮತ್ತೆ ಸಿಗುವುದಿಲ್ಲ’ ಎನ್ನುತ್ತಾನೆ. ಕೊಳ್ಳುವವರಿಗೆ ‘ಏರಿಸಿ, ನಾಳೆ ಇನ್ನೊಬ್ಬರು ಬರುತ್ತಿದ್ದಾರೆ’ ಎನ್ನುತ್ತಾನೆ. ಎರಡೂ ಕಡೆ ಹಿತೈಷಿಯಾಗಿಯೇ ಕಾಣುತ್ತಾನೆ. ದಲ್ಲಾಳಿಯ ವೃತ್ತಿಯೇ ಅನಗತ್ಯವೆಂದು ಇದರ ಅರ್ಥವಲ್ಲ. ಊರಿನಲ್ಲಿ ಯಾವ ಮನೆ ಮಾರಾಟಕ್ಕಿದೆ, ಯಾರ ಅಣ್ಣತಮ್ಮಂದಿರಲ್ಲಿ ಮನಸ್ತಾಪವಿದೆ ಎಂಬ ಮಾಹಿತಿ ಅವರಲ್ಲಿದ್ದಷ್ಟು ಬೇರೆಡೆ ಸಿಗದು. ಆ ಮಾಹಿತಿಯ ಎರಡನೆಯ ಭಾಗವನ್ನು ಅವರು ಹೇಳುವುದಿಲ್ಲ ಎಂಬುದೇ ತೊಂದರೆ.

ಇನ್ನೊಂದು ಪದ್ಧತಿ ಇದಕ್ಕಿಂತ ಗಂಭೀರವಾದುದು. ದಲ್ಲಾಳಿಯೇ ಸಣ್ಣ ಸಂಚಕಾರ ಕೊಟ್ಟು ತನ್ನ ಅಥವಾ ತನ್ನವರ ಹೆಸರಿಗೆ ಕರಾರು ಬರೆಸಿಕೊಂಡು, ಹೆಚ್ಚು ಬೆಲೆಗೆ ಮೂರನೆಯವರಿಗೆ ಮನೆ ತೋರಿಸುತ್ತಾನೆ. ಕ್ರಯಪತ್ರದ ದಿನ ಮಾಲೀಕರಿಗೂ ಕೊಳ್ಳುವವರಿಗೂ ಮುಖಾಮುಖಿ ಆದಾಗ ನಡುವಿನ ಐದಾರು ಲಕ್ಷ ಎಲ್ಲಿ ಹೋಯಿತೆಂಬ ಪ್ರಶ್ನೆ ಏಳುತ್ತದೆ; ಪತ್ರವೇ ನಿಂತು ಹೋಗುತ್ತದೆ. ಬಹಿರಂಗವಾಗಿ ಕೊಂಡು ಮಾರಿದರೆ ಅದು ವ್ಯಾಪಾರ. ಏಜೆಂಟನೆಂದು ಹೇಳಿಕೊಂಡು, ಕಮಿಷನ್ನೂ ಪಡೆದು, ಒಳಗಿಂದೊಳಗೆ ಹೀಗೆ ಮಾಡಿದರೆ ಮಾತ್ರ ಬೇರೆ. 1872ರ ಭಾರತೀಯ ಕರಾರು ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಲೀಕರಿಗೆ ತಿಳಿಸದೆ ಏಜೆಂಟನು ತನ್ನ ಸ್ವಂತ ಲಾಭಕ್ಕೆ ವ್ಯವಹರಿಸಿದರೆ ಆ ಲಾಭವನ್ನು ಕೇಳುವ ಹಕ್ಕು ಮಾಲೀಕರಿಗೆ 216ನೇ ಕಲಮಿನಡಿ ಇದೆ. ಬೇರೆ ಒಪ್ಪಂದವಿಲ್ಲದಿದ್ದರೆ ಕೆಲಸ ಪೂರ್ಣವಾಗುವವರೆಗೆ ಕಮಿಷನ್ ಸಲ್ಲುವುದಿಲ್ಲವೆಂದು 219ನೇ ಕಲಮು, ವ್ಯವಹಾರದಲ್ಲಿ ದುರ್ನಡತೆ ತೋರಿದ ಭಾಗಕ್ಕೆ ಸಂಭಾವನೆ ಇಲ್ಲವೆಂದು 220ನೇ ಕಲಮು ಹೇಳುತ್ತವೆ. ನೂರೈವತ್ತು ವರ್ಷ ದಾಟಿದ ಈ ಕಲಮುಗಳು ಉಪಯೋಗಕ್ಕೆ ಬರಬೇಕಾದರೆ ‘ಇವನು ನನ್ನ ಏಜೆಂಟ’ ಎಂಬುದಕ್ಕೆ ಒಂದು ಚೀಟಿಯಾದರೂ ಇರಬೇಕು. ಅದೇ ಇರುವುದಿಲ್ಲ.

ವಕೀಲರ ಅಭಿಪ್ರಾಯದ ಮೊದಲ ಸಾಲು

ವಕೀಲರ ಬಗ್ಗೆ ಸದಾ ಕೇಳಿಬರುವ ದೂರು ವಿಳಂಬದ್ದು. ಕಡತ ಕೊಟ್ಟು ಮೂರು ವಾರವಾದರೂ ಅಭಿಪ್ರಾಯ ಬರುವುದಿಲ್ಲ, ಬಂದ ಮೇಲೆ 1970ರ ದಶಕದ ವಿಭಾಗಪತ್ರ ತನ್ನಿ ಎನ್ನುತ್ತಾರೆ, ಮಾರುವವರು ಸಿಡಿಮಿಡಿಗೊಳ್ಳುತ್ತಾರೆ. ವಾಸ್ತವದಲ್ಲಿ ಹಳೆಯ ಪತ್ರ ಕೇಳುವ ವಕೀಲರೇ ಕೆಲಸ ಮಾಡುತ್ತಿರುವ ವಕೀಲರು. ಭಯಪಡಬೇಕಾದುದು ಎರಡು ದಿನದಲ್ಲಿ ಬರುವ ಅಭಿಪ್ರಾಯಕ್ಕೆ. ಅದರ ಮೊದಲ ಸಾಲನ್ನು ಯಾರೂ ಓದುವುದಿಲ್ಲ: ‘ನಮಗೆ ಒದಗಿಸಲಾದ ದಾಖಲೆಗಳ ನಕಲು ಪ್ರತಿಗಳ ಆಧಾರದ ಮೇಲೆ’ ಎಂದು ಅಲ್ಲಿರುತ್ತದೆ. ಒದಗಿಸಿದವರು ಯಾರು? ದಲ್ಲಾಳಿ. ಹೀಗೆ ದಲ್ಲಾಳಿ ಆರಿಸಿಕೊಟ್ಟ ಕಾಗದಗಳನ್ನು ದಲ್ಲಾಳಿ ಆರಿಸಿದ ವಕೀಲರು ನೋಡಿ ‘ಸರಿಯಿದೆ’ ಎಂದಾಗ, ಸರಿಯಿರುವುದು ಆ ಕಾಗದಗಳ ಕಟ್ಟು ಮಾತ್ರ.

ಋಣಭಾರ ಪ್ರಮಾಣಪತ್ರವನ್ನೇ ನೋಡಬಹುದು. ಗಣಕೀಕೃತ ದಾಖಲೆಗಳಿಂದ ಸುಲಭವಾಗಿ ಸಿಗುವ ಇ.ಸಿ. 2004ರ ಏಪ್ರಿಲ್ 1ರಿಂದ ಈಚಿನದು. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೆಯ ಪುಸ್ತಕಗಳ ಶೋಧನೆ ಆಗಬೇಕು. ಮೂವತ್ತು ವರ್ಷದ ಇತಿಹಾಸ ಬೇಕಾದಲ್ಲಿ ಇಪ್ಪತ್ತು ಚಿಲ್ಲರೆ ವರ್ಷದ ಹಾಳೆ ಇಟ್ಟು ಕಡತ ಮುಚ್ಚುವುದು ಅಪರೂಪವೇನಲ್ಲ. ಪೂರ್ಣ ಅವಧಿಯ ಇ.ಸಿ. ಇದ್ದರೂ ಅದು ತೋರಿಸುವುದು ನೋಂದಾಯಿತ ವ್ಯವಹಾರಗಳನ್ನು ಮಾತ್ರ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಪಡೆದ ಸಾಲವು, ಆ ಬಗ್ಗೆ ಪತ್ರ ನೋಂದಣಿಯಾಗಿರದಿದ್ದರೆ, ಅದರಲ್ಲಿ ಕಾಣುವುದಿಲ್ಲ. ಅದಕ್ಕಾಗಿ 2011ರ ಮಾರ್ಚ್ 31ರಿಂದ ಕಾರ್ಯಾರಂಭ ಮಾಡಿದ ‘ಸೆರ್ಸಾಯ್’ ಎಂಬ ಕೇಂದ್ರೀಯ ದಾಖಲಾತಿಯಲ್ಲಿ ಹುಡುಕಬೇಕು. ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಹುಡುಕಬಹುದು. ನ್ಯಾಯಾಲಯದಲ್ಲಿ ಬಾಕಿಯಿರುವ ವಿಭಾಗದ ದಾವೆಯೂ ಇ.ಸಿ.ಯಲ್ಲಿ ಇರಲೇಬೇಕೆಂದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ನೋಡಿದರೆ ಸುಳಿವು ಸಿಗುತ್ತದೆ. ಈ ಎರಡು ಹುಡುಕಾಟಗಳಿಗೂ ಒಂದು ಮಧ್ಯಾಹ್ನ ಸಾಕು.

ವರ್ತಕ ಕುಟುಂಬಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೊಡಕು ತಂದಿರುವುದು ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ. ಅಜ್ಜನ ಕಾಲದ ಮನೆಯನ್ನು ಅಣ್ಣತಮ್ಮಂದಿರು ಮಾತ್ರ ಸಹಿ ಮಾಡಿ ಮಾರುವುದು ಹಿಂದೆ ವಾಡಿಕೆಯಾಗಿತ್ತು. ಕರ್ನಾಟಕವು 1994ರ ಜುಲೈ 30ರಿಂದಲೇ, ಅಂದಿಗೆ ಅವಿವಾಹಿತರಾಗಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ವಿವಾಹಿತೆಯರಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ಪರಭಾರೆಗಳಿಗೆ ರಕ್ಷಣೆ ಇದೆ, ಅನಂತರದವಕ್ಕೆ ಇಲ್ಲ. ಹೀಗಿರುವಾಗ ವಂಶವೃಕ್ಷ ಪಡೆಯದೆ, ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕತಂಗಿಯರ ಸಹಿ ಇಲ್ಲದೆ ಬರೆದ ಅಭಿಪ್ರಾಯಕ್ಕೆ ಬೆಲೆ ಏನು? ‘ಅವರೇನೂ ಕೇಳುವುದಿಲ್ಲ ಬಿಡಿ’ ಎಂಬ ದಲ್ಲಾಳಿಯ ಮಾತು ನ್ಯಾಯಾಲಯದಲ್ಲಿ ಸಾಕ್ಷಿಯಾಗದು. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡೋಣವೆಂದರೆ ‘ಇಲ್ಲದ ತಂಟೆ ಎಬ್ಬಿಸಿದಂತಾಗುತ್ತದೆ’ ಎಂದು ತಡೆಯುವವನೂ ಅವನೇ. ತಂಟೆ ಇದ್ದರೆ ಹಣ ಕೊಡುವ ಮೊದಲೇ ಏಳಲಿ ಎಂಬುದೇ ಅಲ್ಲವೇ ಪ್ರಕಟಣೆಯ ಉದ್ದೇಶ?

‘ಬ್ಯಾಂಕಿನವರೇ ಸಾಲ ಕೊಟ್ಟಿದ್ದಾರೆ, ಇನ್ನೇನು’ ಎಂಬ ಸಮಾಧಾನವೂ ಪೊಳ್ಳು. ಬ್ಯಾಂಕಿನ ಪ್ಯಾನೆಲ್ ವಕೀಲರು ಬರೆಯುವುದು ಬ್ಯಾಂಕಿಗೆ. ಶುಲ್ಕವನ್ನು ಸಾಲಗಾರರೇ ಕೊಟ್ಟರೂ ಅಭಿಪ್ರಾಯದ ಮೇಲಿನ ವಿಳಾಸ ಬ್ಯಾಂಕಿನದು. ಎಷ್ಟೋ ಸಲ ಅದರ ಪ್ರತಿಯೂ ಕೈಗೆ ಬರುವುದಿಲ್ಲ. ಹಕ್ಕು ಕೆಟ್ಟರೂ ಬ್ಯಾಂಕಿಗೆ ಸಾಲಗಾರರ ವೈಯಕ್ತಿಕ ಹೊಣೆ, ಜಾಮೀನುದಾರರು ಇದ್ದೇ ಇರುತ್ತಾರೆ. ನೋಂದಣಿಯೂ ಹಕ್ಕಿನ ಖಾತರಿಯಲ್ಲ. ಹಕ್ಕನ್ನು ವಿಚಾರಿಸುವುದು ನೋಂದಣಾಧಿಕಾರಿಯ ಕೆಲಸವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಪ್ರಕರಣವೊಂದರಲ್ಲಿ 2025ರ ಏಪ್ರಿಲ್‌ನಲ್ಲಿ ಹೇಳಿದೆ. ರಾಜ್ಯದಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾದುದರಿಂದ ನಕಲಿ ಖಾತೆಗಳಿಗೆ ಕಡಿವಾಣ ಬಿದ್ದಿರುವುದು ಸ್ವಾಗತಾರ್ಹ. ಆದರೆ ಖಾತೆಯೆಂಬುದು ತೆರಿಗೆ ವಸೂಲಿಯ ದಾಖಲೆಯೇ ಹೊರತು ಮಾಲೀಕತ್ವದ ತೀರ್ಪಲ್ಲ.

ಅಭಿಪ್ರಾಯ ತಪ್ಪಾದರೆ ಪರಿಹಾರವೇನು? ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಮೇ 14ರಂದು ನಿರ್ಣಯಿಸಿದೆ. ಒಳಸಂಚಿನ ಸಾಕ್ಷ್ಯವಿಲ್ಲದೆ, ಕೇವಲ ಅಜಾಗರೂಕ ಅಭಿಪ್ರಾಯಕ್ಕಾಗಿ ಪ್ಯಾನೆಲ್ ವಕೀಲರನ್ನು ಕ್ರಿಮಿನಲ್ ಪ್ರಕರಣದಲ್ಲಿ ಸಿಲುಕಿಸಲಾಗದೆಂದು 2012ರಲ್ಲೇ ಹೇಳಿತ್ತು. ಉಳಿಯುವುದು ಸಿವಿಲ್ ದಾವೆ ಮತ್ತು ವಕೀಲರ ಪರಿಷತ್ತಿಗೆ ದೂರು. ಎರಡೂ ದೀರ್ಘ ಹಾದಿಗಳು. ಆದ್ದರಿಂದ ಎಚ್ಚರವೆಲ್ಲ ಮುಂಚೆಯೇ ಇರಬೇಕು.

ಇಂಗ್ಲೆಂಡಿನ ವ್ಯವಸ್ಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಅಲ್ಲಿ ಎಸ್ಟೇಟ್ ಏಜೆಂಟರಿಗಾಗಿ 1979ರಲ್ಲೇ ಪ್ರತ್ಯೇಕ ಕಾಯಿದೆಯಾಯಿತು. 2008ರಿಂದ ಮನೆ ಮಾರಿಸುವ ಏಜೆಂಟರು ದೂರು ಪರಿಹಾರ ವ್ಯವಸ್ಥೆಯೊಂದರ ಸದಸ್ಯರಾಗಿರುವುದು ಕಡ್ಡಾಯ. ಹಕ್ಕು ಪರಿಶೀಲಿಸುವ ಸಾಲಿಸಿಟರುಗಳ ಸಂಸ್ಥೆಗಳು ವೃತ್ತಿ ಹೊಣೆಗಾರಿಕೆಯ ವಿಮೆ ಹೊಂದಿರಲೇಬೇಕು. ನೋಂದಾಯಿತ ಹಕ್ಕಿಗೆ ಸರ್ಕಾರದ್ದೇ ಖಾತರಿ. ಆದರೂ ಅಲ್ಲಿನ ಜನ ಇಬ್ಬರ ಮೇಲೂ ಗೊಣಗುತ್ತಾರೆ. ಕರಾರುಗಳ ವಿನಿಮಯವಾಗುವವರೆಗೆ ಯಾರೂ ಬದ್ಧರಲ್ಲದ ಕಾರಣ ಮಾರುವವರು ಹೆಚ್ಚು ಬೆಲೆಯ ಕಡೆ ತಿರುಗಬಹುದು, ತಿಂಗಳುಗಟ್ಟಲೆ ಕಾದ ವ್ಯವಹಾರ ಮುರಿದುಬೀಳಬಹುದು. ಅಲ್ಲಿ ನಷ್ಟವಾಗುವುದು ತಪಾಸಣೆಯ ಖರ್ಚು, ಶುಲ್ಕ ಮತ್ತು ಸಮಯ. ಇಲ್ಲಿ ಪಣಕ್ಕಿರುವುದು ಮನೆಯೇ.

ಸಣ್ಣ ಉದ್ಯಮಿಗಳ ಮಟ್ಟಿಗಂತೂ ಮನೆಯ ಹಿಂದೆ ಕಾರ್ಖಾನೆಯೂ ಇದೆ. ಕ್ಯಾಶ್ ಕ್ರೆಡಿಟ್ ಮಿತಿಗೆ ಭದ್ರತೆಯಾಗಿ ಬ್ಯಾಂಕಿನಲ್ಲಿರುವುದು ಬಹುಮಟ್ಟಿಗೆ ವಾಸದ ಮನೆಯ ಪತ್ರ. ವಿಭಾಗದ ದಾವೆ ಹೂಡಲ್ಪಟ್ಟು ತಡೆಯಾಜ್ಞೆ ಬಂದರೆ ಬ್ಯಾಂಕು ಬದಲಿ ಭದ್ರತೆ ಕೇಳುತ್ತದೆ, ಮಿತಿಯ ನವೀಕರಣ ನಿಲ್ಲುತ್ತದೆ. ಕಚ್ಚಾಮಾಲಿಗೂ ಸಂಬಳಕ್ಕೂ ಹಣ ಹೊಂದಿಸಲಾಗದೆ ಚೆನ್ನಾಗಿ ನಡೆಯುತ್ತಿದ್ದ ಘಟಕ ಕುಸಿಯುತ್ತದೆ. ದಲ್ಲಾಳಿಯೂ ವಕೀಲರೂ ಆ ವೇಳೆಗೆ ತಮ್ಮ ಪಾಲು ಪಡೆದು ವರ್ಷಗಳಾಗಿರುತ್ತವೆ.

ಸಂಚಕಾರಕ್ಕೆ ಮೊದಲು

ಮಾಡಬಹುದಾದುದು ದೊಡ್ಡದೇನಲ್ಲ. ಮೊದಲನೆಯದು ಕ್ರಮದ ಬದಲಾವಣೆ. ಈಗ ಸಂಚಕಾರ ಕೊಟ್ಟು ಆಮೇಲೆ ದಾಖಲೆ ತೋರಿಸಲಾಗುತ್ತದೆ. ಹಣ ಸಿಕ್ಕಿಕೊಂಡವರು ಕೆಟ್ಟ ಸುದ್ದಿ ಕೇಳಲು ಸಿದ್ಧರಿರುವುದಿಲ್ಲ. ಅಭಿಪ್ರಾಯ ಮೊದಲು, ಸಂಚಕಾರ ಆಮೇಲೆ ಎಂದಾಗಬೇಕು. ಮಾರುವವರು ಒಪ್ಪದಿದ್ದರೆ, ಹಕ್ಕು ತೃಪ್ತಿಕರವಲ್ಲವೆಂದು ಕೊಳ್ಳುವವರ ವಕೀಲರು 30 ದಿನದೊಳಗೆ ತಿಳಿಸಿದರೆ ಹಣ ಪೂರ್ತಿ ವಾಪಸು ಎಂಬ ವಾಕ್ಯ ಕರಾರಿನಲ್ಲಿ ಇರಲಿ. ವಕೀಲರನ್ನು ದಲ್ಲಾಳಿಯ ಪರಿಚಯದಿಂದಲ್ಲದೆ ಸ್ವತಃ ಆರಿಸಿ, ಶುಲ್ಕವನ್ನು ಮುಂಚಿತವಾಗಿ ನಿಗದಿ ಮಾಡಿ, ವ್ಯವಹಾರ ನಡೆದರೂ ನಡೆಯದಿದ್ದರೂ ಅಷ್ಟೇ ಎಂದು ಹೇಳಬೇಕು. ದೃಢೀಕೃತ ನಕಲುಗಳನ್ನು ಅವರೇ ಕಚೇರಿಯಿಂದ ತರಿಸಲಿ. ಅಭಿಪ್ರಾಯ ಕೊಳ್ಳುವವರ ಹೆಸರಿಗೇ ಬರಲಿ. ಇದಕ್ಕೆ ಹೆಚ್ಚು ಶುಲ್ಕ ಕೇಳಿದರೆ ಕೊಡುವುದು ನ್ಯಾಯ. ನಾಲ್ಕು ಸಾವಿರಕ್ಕೆ ಐವತ್ತು ವರ್ಷದ ಇತಿಹಾಸ ಓದಿ ಹೊಣೆ ಹೊರಬೇಕೆನ್ನುವುದು ವಕೀಲರ ಮೇಲಿನ ಅನ್ಯಾಯವೂ ಹೌದು.

ಮಾರುವವರೂ ಮನೆಯನ್ನು ಮಾರಾಟಕ್ಕಿಡುವ ಮೊದಲೇ ತಮ್ಮ ಕಡತವನ್ನು ವಕೀಲರಿಗೆ ತೋರಿಸಿ ಸರಿಪಡಿಸಿಕೊಂಡರೆ ಅರ್ಧ ವಿಳಂಬ ತಪ್ಪುತ್ತದೆ. ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ ಹಕ್ಕಿನಲ್ಲಿರುವ ಮುಖ್ಯ ದೋಷಗಳನ್ನು ತಿಳಿಸುವುದು ಅವರ ಕರ್ತವ್ಯವೂ ಹೌದು. ಬಂಡವಾಳ ಲಾಭದ ವಿನಾಯಿತಿಗಾಗಿ ಇನ್ನೊಂದು ಮನೆ ಕೊಳ್ಳಬೇಕಾದವರಿಗೆ ಮಾರಾಟದ ನಂತರ ಎರಡೇ ವರ್ಷದ ಗಡುವು. ಆ ಮನೆಯ ದಾಖಲೆ ಪರಿಶೀಲನೆ ಎಳೆದಾಡಿ ಗಡುವು ಮೀರಿದರೆ ತೆರಿಗೆ ಅಧಿಕಾರಿಗೆ ವಕೀಲರ ನೆಪ ಹೇಳಿ ಪ್ರಯೋಜನವಿಲ್ಲ.

ತೆರಿಗೆಯ ವಿಷಯದಲ್ಲಿ ದಲ್ಲಾಳಿಯ ಸಲಹೆ ಕೇಳುವುದಂತೂ ಅಪಾಯ. ‘ಮಾರ್ಗಸೂಚಿ ಬೆಲೆಗೆ ಪತ್ರ, ಉಳಿದದ್ದು ನಗದು’ ಎಂಬುದು ಅವರ ಹಳೆಯ ಸೂತ್ರ. ಸ್ಥಿರಾಸ್ತಿಯ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದು 2015ರ ಜೂನ್ 1ರಿಂದ ನಿಷಿದ್ಧ. ಪಡೆದವರು ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುತ್ತಾರೆ. ಕೊಂಡವರಿಗೂ ಮುಂದೆ ಮಾರುವಾಗ ಖರೀದಿ ಬೆಲೆಯೆಂದು ತೋರಿಸಲು ಸಿಗುವುದು ಪತ್ರದ ಮೊತ್ತ ಮಾತ್ರ. ₹50 ಲಕ್ಷ ಮತ್ತು ಮೇಲಿನ ಖರೀದಿಯಲ್ಲಿ ಶೇ. 1 ಆದಾಯ ತೆರಿಗೆ ಮುರಿದು ಕಟ್ಟಬೇಕೆಂಬುದು 2013ರಿಂದ ಇರುವ ನಿಯಮ. ಅದನ್ನು ಮರೆತು ನೋಟೀಸು ಬಂದ ಮೇಲೆ ಎಚ್ಚೆತ್ತುಕೊಳ್ಳುವ ಸದಸ್ಯರು ಇಂದಿಗೂ ಇದ್ದಾರೆ.

ದಲ್ಲಾಳಿಯೊಡನೆ ಮಾಡಿಕೊಳ್ಳುವ ಒಂದು ಪುಟದ ಮಾದರಿ ಪತ್ರವನ್ನು ವಾಣಿಜ್ಯೋದ್ಯಮ ಸಂಸ್ಥೆಗಳು ತಯಾರಿಸಿ ಸದಸ್ಯರಿಗೆ ಹಂಚಬಹುದು. ಯಾರ ಪರ ಕೆಲಸ, ಎಷ್ಟು ಶೇಕಡಾ, ನೋಂದಣಿಯ ನಂತರವೇ ಪಾವತಿ, ಇನ್ನೊಂದು ಕಡೆಯಿಂದ ಪಡೆಯುವ ಮೊತ್ತವೆಷ್ಟು, ಆಸ್ತಿಯಲ್ಲಿ ದಲ್ಲಾಳಿಗೆ ಅಥವಾ ಅವರ ಸಂಬಂಧಿಗಳಿಗೆ ಕರಾರು ಮೂಲಕ ಹಿತಾಸಕ್ತಿ ಇದೆಯೇ ಎಂಬಿಷ್ಟು ವಿವರ ಸಾಕು. ಹೀಗೆ ಮಾಡಿದರೆ ದಲ್ಲಾಳಿಗಳು ಮನೆಯನ್ನೇ ತೋರಿಸುವುದಿಲ್ಲವೆಂಬ ಆಕ್ಷೇಪ ಬರುತ್ತದೆ. ಕೆಲವರು ತೋರಿಸದಿರಬಹುದು. ಆದರೆ ಊರಿನ ಇನ್ನೂರು ವರ್ತಕರು ಇದೇ ಪತ್ರ ಕೇಳತೊಡಗಿದರೆ ಸಹಿ ಮಾಡುವ ದಲ್ಲಾಳಿಗಳು ಸಿಕ್ಕೇ ಸಿಗುತ್ತಾರೆ. ನೇರವಾಗಿ ನಡೆಯುವವರಿಗೆ ಅದರಿಂದ ವ್ಯಾಪಾರವೂ ಹೆಚ್ಚುತ್ತದೆ. ಪತ್ರದ ಕೊನೆಯಲ್ಲಿ ಪಾವತಿಯನ್ನು ಬ್ಯಾಂಕಿನ ಮೂಲಕ ಮಾಡಿ ರಸೀದಿ ಪಡೆಯುವ ಷರತ್ತು ಸೇರಿರಲಿ. ಮಾರುವವರು ಕೊಟ್ಟ ದಲ್ಲಾಳಿಯನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ವರ್ಗಾವಣೆಯ ಖರ್ಚಾಗಿ ಕಳೆಯಲು ಅವಕಾಶವಿದೆ. ₹80,000 ನಗದಾಗಿ ಕೊಟ್ಟು ಚೀಟಿಯಿಲ್ಲದೆ ಬಂದವರಿಗೆ ಆ ಅವಕಾಶ ಇಲ್ಲ.